ಬೆಂಗ್ರೆ ಶಾಲೆಯ ಏಳನೆಯ ಬಿಂದು

ಆಟಿಯ ಮೋಡ ನಮಗೆ ಬೇಕಾಗಿಯೇ ಇತ್ತು.
ಬಿಸಿಲು ಬಿದ್ದರೆ ನೆರಳಿಗೆ ಅಂಚು ಬರುತ್ತದೆ, ಲೆಕ್ಕ ಕೆಡುತ್ತದೆ.
ಬೂದಿ ಬಳಿದ ಹಾಗೆ ಎಲ್ಲ ಕಡೆ ಒಂದೇ ಆಕಾಶ,
ಅಂಥ ದಿನಕ್ಕೆ ಹನ್ನೊಂದು ದಿನ ಕಾದು
ಬಂದರಿನಿಂದ ಫೆರಿ ಹತ್ತಿದೆವು:
ನಾನು, ಹಂಝ, ಹಳೆ ಬಿಸ್ಕತ್ತಿನ ಡಬ್ಬದಲ್ಲಿ
ಹತ್ತಿ ಸುತ್ತಿದ ಹತ್ತು ಲಕ್ಸ್ ಮೀಟರು.
ಮಳೆಯೆಂದು ಡಿ.ಸಿ. ಶಾಲೆಗೆ ರಜೆ ಕೊಟ್ಟಿದ್ದರು;
ಮಳೆಯೂ ಅಂದು ರಜೆ ಹಾಕಿತ್ತು.

ತೋಟ ಬೆಂಗ್ರೆ. ಆಚೆ ಕಡಲು, ಈಚೆ ಹೊಳೆ,
ನಡುವೆ ಮರಳಿನ ಮೇಲೆ ಐದನೆಯ ತರಗತಿ.
ಕಂಪ್ಯೂಟರಿನಲ್ಲಿ ಈ ಕೋಣೆ ನನಗೆ ಬಾಯಿಪಾಠ,
ಎರಡು ತಿಂಗಳು ಇದರೊಳಗೇ ಇದ್ದೆ, ಚಪ್ಪಲಿ ಬಿಡದೆ.
ಅಲ್ಲಿ ಗೋಡೆ ಬೆಳಕಿನ ಅರ್ಧವನ್ನು ಹಿಂದೆ ಕೊಡುತ್ತದೆ,
ನೆಲ ಐದರಲ್ಲೊಂದು ಪಾಲು.
ಇಲ್ಲಿ ಹೆಗಲಿನವರೆಗೆ ಹಸಿರು ಎಣ್ಣೆಬಣ್ಣ,
ಮೊಳೆಗೆ ನೇತುಬಿದ್ದ, ಯಾರೋ ಮರೆತ ಮೂರು ಕರಿಕೊಡೆ
ಸದ್ದಿಲ್ಲದೆ ಬೆಳಕು ಕುಡಿಯುತ್ತಿವೆ.

ಬೀಗ ತೆಗೆದ ಲೋಲಾಕ್ಷಿಯಕ್ಕ ಬಾಗಿಲಲ್ಲೇ ನಿಂತರು.
"ಬೆಳಕು ಅಳೆಯಲಿಕ್ಕೆ ಇಷ್ಟೆಲ್ಲಾ ಎಂತಕ್ಕೆ?
ಕರೆಂಟು ಹೋದಾಗ ಬನ್ನಿ,
ಎಲ್ಲಿ ಕತ್ತಲೆ ಅಂತ ಮಕ್ಕಳೇ ಬೊಬ್ಬೆ ಹಾಕ್ತವೆ."

ಡೆಸ್ಕಿನ ಎತ್ತರಕ್ಕೆ ಒಂಬತ್ತು ಬಿಂದು, ತಾರಸಿಯಲ್ಲಿ ಒಂದು.
ಹಂಝ ಮೇಲಿನಿಂದ ಕೂಗುತ್ತಾನೆ, ನಾನು ಬರೆಯುತ್ತೇನೆ.
ಉಸಿರು ಬಿಗಿಹಿಡಿದು ಬಗ್ಗಿ ಓದಬೇಕು,
ಬಿಳಿ ಕುರ್ತಾ ಹಾಕಿದರೂ ತಪ್ಪು,
ನಾನೇ ಒಂದು ಗೋಡೆಯಾಗಿಬಿಡುತ್ತೇನೆ.
ಒಂಬತ್ತೂವರೆ. ಹತ್ತು. ಹತ್ತೂವರೆ.

ಮಧ್ಯಾಹ್ನ ಬೆಂಚಿನ ಮೇಲೆ ಲ್ಯಾಪ್‌ಟಾಪ್ ಬಿಚ್ಚಿದಾಗ
ಸರಾಸರಿ ತಪ್ಪು: ನೂರಕ್ಕೆ ಎರಡು.
ಫೋನಿನಲ್ಲಿ ಸರ್ ನಕ್ಕರು. "ಪಾಸ್. ಬರೆದು ಮುಗಿಸು."
ಹಂಝ ಗೋಳಿಬಜೆ ತರಲು ಓಡಿದ.

ನಾನು ಮಾತ್ರ ಪಟ್ಟಿಯನ್ನು ಇನ್ನೊಮ್ಮೆ ನೋಡಿದೆ.
ಕಡಲ ಕಡೆಯ ನಾಲ್ಕು ಬಿಂದು ಹೇಳಿದ್ದಕ್ಕಿಂತ ಮಂಕು,
ಹೊಳೆಯ ಕಡೆಯ ನಾಲ್ಕು ಹೇಳಿದ್ದಕ್ಕಿಂತ ಬೆಳಕು,
ಅದರಲ್ಲೂ ಏಳನೆಯದು, ಮೂಲೆಯದು,
ಎಂಬತ್ತು ಎಂದಲ್ಲಿ ನೂರಿಪ್ಪತ್ತು.
ನಡುವಿನದು ಒಂದೇ ಸರಿ, ಅದೂ ಪಾಪ, ನಡುವೆ ಇದ್ದ ಕಾರಣಕ್ಕೆ.
ಎರಡು ಸುಳ್ಳು ಎದುರುಬದುರು ಕೂತು
ಒಂದನ್ನೊಂದು ತೂಗಿ ನಿಜದ ವೇಷ ಹಾಕಿದ್ದವು.

ಕಡಲ ಕಿಟಕಿಯ ಗಾಜಿಗೆ ಬೆರಳು ಎಳೆದೆ.
ಬೆರಳು ನೆಕ್ಕಿದೆ. ಉಪ್ಪು.
ಎಷ್ಟು ವರ್ಷದ ಗಾಳಿಯೋ ಅಲ್ಲಿ ಒಣಗಿ ಕೂತಿತ್ತು.
ಲೋಲಾಕ್ಷಿಯಕ್ಕ ಹಳೆ ಪೇಪರು ಒದ್ದೆ ಮಾಡಿ
ಒಂದು ಗಾಜು ಒರೆಸಿದರು, ಮೀಟರು ಜಿಗಿಯಿತು.
ಕಂಪ್ಯೂಟರು ದಿನಾ ಬೆಳಿಗ್ಗೆ ಕಿಟಕಿ ಒರೆಸುತ್ತಿತ್ತು,
ನಮ್ಮಲ್ಲಿ ಯಾರೂ ಅದಕ್ಕೆ ಬೇಡ ಎಂದಿರಲಿಲ್ಲ.

ಸರಿ, ಹೊಳೆಯ ಕಡೆ ಎಂತ?
ಕಿಟಕಿಯಾಚೆ ಕವುಚಿ ಹಾಕಿದ ದೋಣಿ,
ಮೊನ್ನೆಯಷ್ಟೇ ಬಳಿದ ಬಿಳಿ ಬಣ್ಣ,
ಆಕಾಶವನ್ನು ಹಿಡಿದು ಹಿಡಿದು ಒಳಗೆಸೆಯುತ್ತಿತ್ತು.
ನನ್ನ ನಕ್ಷೆಯಲ್ಲಿ ಆ ಜಾಗ ಖಾಲಿ ಮರಳು.

"ಯಾರದ್ದು ಅಕ್ಕಾ?"
"ನನ್ನ ಭಾವನದ್ದು. ಬರುವ ವಾರ ನೀರಿಗೆ."
ಅಂದರೆ ಬರುವ ವಾರ ಈ ಮೂಲೆಯ ನಲವತ್ತು ಲಕ್ಸ್
ಬಂಗುಡೆ ಹಿಡಿಯಲು ಹೋಗುತ್ತದೆ.

ಅಲ್ಲಿ ಯಾರು ಕೂರುವುದು ಎಂದು ಕೇಳಿದೆ.
"ಹೇಳಲಿಕ್ಕಾಗುವುದಿಲ್ಲ ಮಾರಾಯ್ರೇ, ದಿನಾ ಜಗಳ ಅದಕ್ಕೆ,
ಅಲ್ಲಿ ಕೂತರೆ ಫೆರಿ ಕಾಣುತ್ತದಲ್ಲ."

ಸರ್‌ಗೆ ಬರೆದೆ: ತಪ್ಪು ಎರಡಲ್ಲ,
ಒಂದು ಕಡೆ ಹದಿನೆಂಟು ಕಡಿಮೆ, ಇನ್ನೊಂದು ಕಡೆ ಹೆಚ್ಚು,
ಕೂಡಿಸಬೇಡಿ, ಬೇರೆಬೇರೆಯಾಗಿಯೇ ಇರಲಿ.
ಷರಾ: ಉಪ್ಪು. ಷರಾ: ದೋಣಿ.
ಉತ್ತರ ಇನ್ನೂ ಬಂದಿಲ್ಲ.

ವಾಪಸು ಫೆರಿಯಲ್ಲಿ ಮಳೆ ಹಿಡಿಯಿತು.
ಡಬ್ಬದೊಳಗೆ ಒಂದು ಮೀಟರು ಆರಿಸಲು ಮರೆತಿತ್ತು,
ಮುಚ್ಚಳ ತೆರೆದೆ, ನೋಡಲಿಕ್ಕೆಂದೇ:
ಕತ್ತಲೆ ಎಷ್ಟಿತ್ತೋ ಗೊತ್ತಾಗಲಿಲ್ಲ,
ತೆರೆದದ್ದೇ ತಡ ಅಂಕಿ ಓಡತೊಡಗಿತು.