ಸೊಂಟದೆತ್ತರ

ಮಡಿ ಎಷ್ಟೆತ್ತರ ಇರಬೇಕೆಂದು ಯಾರಿಗೂ ಗೊತ್ತಿರಲಿಲ್ಲ.
ವಿಜ್ಞಾನದ ಮೇಷ್ಟ್ರು ತ್ಸೆಲಿಸೊ ಮೊಣಕಾಲುದ್ದ ಸಾಕೆಂದರು.
ನ್ಯಾಕಾಲೊ ಸುಮ್ಮನೆ ಹಗ್ಗ ಹಿಡಿದು ಓಡಿದ,
ಗಿಡ ಬಲ್ಲ ಮುದುಕಿ ಮಾಖೋಲುವನ್ನು ಅಂಗಳದಲ್ಲಿ ನಿಲ್ಲಿಸಿ
ನೆಲದಿಂದ ಸೊಂಟಕ್ಕೆ ಅಳೆದು ಗಂಟು ಹಾಕಿ ತಂದ.
“ಹೆಣದ ಪೆಟ್ಟಿಗೆಗೇನ್ರೋ ಅಳತೆ?” ಎಂದು ನಕ್ಕಳಂತೆ.

ಗಂಟಿನಷ್ಟು ಎತ್ತರಕ್ಕೆ ಕಲ್ಲು ಬೇಕಲ್ಲ!
ಬಿದ್ದ ಕುರಿದೊಡ್ಡಿಯಿಂದ ಹೊತ್ತೆವು,
ಮೊಖೊಟ್ಲಾಂಗ್‌ನ ಗಾಳಿ ಕಂಬಳಿಯ ಅಂಚು ಹಿಡಿದೆಳೆಯುವಾಗ.
ತಳಕ್ಕೆ ತುಕ್ಕು ಡಬ್ಬಿ, ಮೂಳೆ, ಬೂದಿ,
ಹಳೆಯ ಉತ್ತರಪತ್ರಿಕೆಗಳು
(ನನ್ನವೇ ಮೊದಲು ಹೋದವು, ಸುಳ್ಳೇಕೆ),
ಆಮೇಲೆ ಸಗಣಿ, ಆಮೇಲೆ ಮಣ್ಣು.
ನಡುವೆ ಹುಲ್ಲಿನ ಬುಟ್ಟಿ,
ಅಡುಗೆಮನೆಯ ಸಿಪ್ಪೆ ಉಣ್ಣುವ ಬಾಯಿ.
ಎರಡು ಸಲ ಕುಸಿಯಿತು.
ಮೂರನೆಯ ಸಲ ಯಾರೂ ಮಾತಾಡದೆ ಕಟ್ಟಿದೆವು.

ಕ್ಲಿನಿಕ್ಕಿಗೆ ಕುದುರೆಯ ಮೇಲೆ ಅರ್ಧ ದಿನ.
ಅದಕ್ಕೇ ಕೆಮ್ಮಿಗೆಂದು ಲೆಂಗಾನ ನೆಟ್ಟೆವು,
ಹಲಗೆಯ ಮೇಲೆ ಲ್ಯಾಟಿನ್ ಹೆಸರು ಬರೆದೆವು,
ಒಂದಕ್ಷರ ತಪ್ಪಾಗಿ.

ಹಿಮ ಕರಗಿದ ಮೇಲೆ ಅವಳು ಬಂದಳು.
ಬಗ್ಗದೆ, ಊರಗೌಡನ ಹಾಗೆ ನೆಟ್ಟಗೆ ನಿಂತು
ಎಲೆ ಚಿವುಟಿ, ಉಜ್ಜಿ, ಮೂಸಿದಳು.
ಬೂದುಬಣ್ಣದ ಕಹಿ ನಮ್ಮ ತನಕವೂ ಬಂತು.
“ಅರವತ್ತು ವರ್ಷ ಬಗ್ಗಿ ಬಗ್ಗಿ ಕೇಳಿದ್ದೇನೆ ಇದನ್ನು,
ಒಂದೆಲೆ ಕೊಡ್ತೀಯಾ ಅಂತ.
ಇವತ್ತು ಕೇಳೋದೇ ಮರೆತೆ, ನೋಡಿ.”

ಕಿತ್ತ ಎಲೆ ಅಂಗೈಯಲ್ಲಿಟ್ಟುಕೊಂಡು ನಿಂತಳು,
ವಾಪಸು ಇಡಲು ಜಾಗ ಹುಡುಕುವವಳಂತೆ.
ಮೇಷ್ಟ್ರು ಕೆಮ್ಮಿದರು, ಔಷಧಕ್ಕಲ್ಲ.

ಆಮೇಲೆ ಕಲ್ಲಿಗೆ ಸೊಂಟ ಆನಿಸಿ
“ಬೆನ್ನಿಗಂತೂ ಹಿತ” ಎಂದಳು.