ಕೆಂಪು ಟ್ರಕ್ ನಿಂತಿದ್ದರೆ

ಎಂಟುನೂರು ಡಾಲರು ಕೊಟ್ಟರು ಪ್ರಾಂತ್ಯದವರು,
ಊರಿಗೊಂದು ಜಾಲತಾಣ ಮಾಡಿಕೊಳ್ಳಿ ಎಂದು.
ಹೆಲ್ಮ್ಸ್‌ಬಿ ಮಂಡಳಿಯಲ್ಲಿ ಐದು ಜನ.
ಐವರೂ ನನ್ನ ಕಡೆ ನೋಡಿದರು:
ಗ್ರಂಥಾಲಯದ ಬೀಗದ ಕೈ ನನ್ನ ಸೊಂಟದಲ್ಲಿ,
ಒಳಗಿನ ಕಂಪ್ಯೂಟರೂ ಹೀಗಾಗಿ ನನ್ನ ಕೊರಳಿಗೆ.

ಮೊದಲು ಅದು ಕೇಳಿದ್ದು ಜನಸಂಖ್ಯೆ.
ಮುನ್ನೂರ ಹನ್ನೆರಡು, ಬರೆದೆ.
ಹಿನ್ನೆಲೆಗೆ ಮಾಗಿದ ಗೋಧಿಯ ಬಣ್ಣವೋ
ಕನೋಲಾ ಹೂವಿನ ಹಳದಿಯೋ ಎಂದು
ಮೂರು ಸಭೆ ಜಗಳಾಡಿ ಮುಗಿಸುವಷ್ಟರಲ್ಲಿ
ಮುನ್ನೂರ ಒಂಬತ್ತು.
ಫೆಬ್ರವರಿಯಲ್ಲಿ, ಮೈನಸ್ ಮೂವತ್ತೆಂಟರ ರಾತ್ರಿ,
ಟೇವ್ಸ್ ಮನೆಯಲ್ಲಿ ಅವಳಿ ಹುಟ್ಟಿದವು.
ಮುನ್ನೂರ ಹನ್ನೊಂದು.
ತೊಟ್ಟಿಲಿಗೂ ಗೋರಿಗೂ
ಶಾನುಭೋಗಿಕೆ ನನಗೇ ಬಂತು.

"ಗ್ಯಾರೇಜು ಎಷ್ಟು ಹೊತ್ತಿಗೆ ತೆರೆಯುತ್ತೆ, ವೆಂಡೆಲ್?"
"ಕೆಂಪು ಟ್ರಕ್ ನಿಂತಿದ್ದರೆ ತೆರೆದಿದೆ."
"ವೇಳೆ ಹೇಳಪ್ಪಾ, ಈ ಚೌಕದಲ್ಲಿ ಅಂಕಿ ಮಾತ್ರ ಹಿಡಿಸುತ್ತೆ."
ಬಾನೆಟ್ಟಿನೊಳಗಿಂದ ತಲೆ ಎತ್ತದೆ ಅವನು:
"ಟ್ರಕ್ಕಿಗೆ ಗಡಿಯಾರ ನೋಡಲು ಬರೋದಿಲ್ಲ."

ಎಲ್ಲರದೂ ಇದೇ ಕತೆ.
ಮೊಟ್ಟೆ ಬೇಕೇ? ಲೂಬಾಳ ಹಿಂಬಾಗಿಲು, ದುಡ್ಡು ಕಾಫಿ ಡಬ್ಬಿಗೆ,
ನಾಯಿ ಬೊಗಳುತ್ತೆ ಅಷ್ಟೆ.
ಹಿಮ ತೆಗೆಯುವವನು ಬೇಕೇ? ಕರೆಯಬೇಡಿ, ಅವನೇ ಬರುತ್ತಾನೆ.
ಹುಟ್ಟಿದಾಗಿನಿಂದ ಇಲ್ಲಿದ್ದೇನೆ,
ಇಷ್ಟೆಲ್ಲ ಗೊತ್ತಿದೆಯೆಂದೇ ನನಗೆ ಗೊತ್ತಿರಲಿಲ್ಲ.

ಡೆಲ್ಫೀನ್ ಬರುತ್ತಿದ್ದಳು ಶಾಲೆ ಬಿಟ್ಟ ಮೇಲೆ,
ಉತ್ತರದ ಕ್ರೀ ಬೀಡಿನ ಹುಡುಗಿ, ಹದಿನಾರು ವರ್ಷ,
ನಾನು ಕೆಡಿಸಿದ್ದನ್ನೆಲ್ಲ ಸರಿಮಾಡಲು.
'ಊರಿನ ಇತಿಹಾಸ' ತೆರೆದಳು.
ಸುವರ್ಣೋತ್ಸವದ ಪುಸ್ತಕದಿಂದ ನಾನು ಎತ್ತಿದ ಮೊದಲ ಸಾಲು:
ರೈಲು ಬರುವ ಮುನ್ನ ಇಲ್ಲಿ ಏನೂ ಇರಲಿಲ್ಲ.
"ನಮ್ಮ ಮುತ್ತಜ್ಜಿ ಈ ತೊರೆಯಲ್ಲಿ ಮೀನು ಹಿಡಿದಿದ್ದಾಳೆ,"
ಅಂದಳು, ಸಿಟ್ಟೇನೂ ಇಲ್ಲದೆ,
ಬೆರಳು ಅಳಿಸುವ ಕೀಲಿಯ ಮೇಲೆ.
ಸಾಲು ಬಾಲದಿಂದ ತಲೆಗೆ ಒಂದೊಂದೇ ಅಕ್ಷರ ನುಂಗಿಕೊಂಡಿತು.
ಆ ಜಾಗ ಇನ್ನೂ ಖಾಲಿ.
ಅಜ್ಜಿಯನ್ನು ಕೇಳಿದ್ದೇವೆ. ಹಿಮ ಬೀಳಲಿ ಎಂದಿದ್ದಾಳೆ;
ಕೆಲವು ಮಾತು ನೆಲ ಬೆಳ್ಳಗಾದ ಮೇಲೆ ಆಡುವಂಥವಂತೆ.
ಮಂಡಳಿಯವರು ಕೇಳುತ್ತಾರೆ, ಯಾವಾಗ ತುಂಬುತ್ತೀರಿ?
ಹಿಮ ಬೀಳಲಿ, ಎನ್ನುತ್ತೇನೆ ನಾನೂ.

ಸಮುದಾಯ ಭವನದ ನಂಬರು ಆರ್ಡಿತ್ ಲುಂಗ್ರೆನ್‌ಳದು.
ಅವಳು ಹೋಗಿ ಎರಡು ವರ್ಷ.
ಬದಲಾಯಿಸೋಣವೆಂದು ಅವಳ ಗಂಡನ ಬಳಿ ಹೋದೆ.
ಈವಾರ್ ವೆಲ್ಡಿಂಗಿನ ಕನ್ನಡಕ ಹಣೆಗೇರಿಸಿ
ದಿನಚರಿ ತೆಗೆದು ಮುಂದಿಟ್ಟ.
ಮಾರ್ಚಿಯವರೆಗೆ ಅವಳ ಓರೆ ಅಕ್ಷರ,
ಮುಂದೆ ಇವನ ಸಲಾಕಿಯಂಥ ಅಕ್ಷರ:
ಮದುವೆ. ರಕ್ತದಾನ. ಕರ್ಲಿಂಗ್ ತಂಡದ ಊಟ.
ಒಂದು ದಿನವೂ ತಪ್ಪಿಲ್ಲ.
"ನಂಬರು ಇರಲಿ. ಹೆಸರೂ ಇರಲಿ."
"ಅವಳನ್ನೇ ಕೇಳಿದರೆ?"
"ಹೊರಗೆ ಹೋಗಿದ್ದಾಳೆ ಅಂತೀನಿ."
ಬೆಂಕಿ ಹೊತ್ತಿಸಿ ಮತ್ತೆ ಕಬ್ಬಿಣಕ್ಕೆ ಬಗ್ಗಿದ.
ನಾನು ಹಾಗೇ ಬಿಟ್ಟೆ, ಹೆಸರು, ನಂಬರು, ಎರಡನ್ನೂ.
ಜನಸಂಖ್ಯೆಯ ವಿಷಯ ಮಾತ್ರ ಯಾರೂ ನನ್ನನ್ನು ಕೇಳಬಾರದು.

ಜೂನ್ ತಿಂಗಳ ಒಂದು ಸಂಜೆ ಗುಂಡಿ ಒತ್ತಿದೆವು.
ಬಂದವರು: ಒಬ್ಬರು. ಅದು ನಾನು.
ಲೂಬಾ ಕೊಟ್ಟ ಚೀಸು ತುಂಬಿದ ಪೆರೋಗಿ ಆರುತ್ತಿತ್ತು.
ಡೆಲ್ಫೀನ್ ಮನೆಗೆ ಹೋದಳು. ಬಂದವರು: ಇಬ್ಬರು.
ಫೋನ್ ಬಡಿದುಕೊಂಡಿತು.
"ಒರೀಸಿಯಾ, ನನ್ನ ಗ್ಯಾರೇಜಿನ ಫೋಟೋ ಹಾಕಿದ್ದೀಯ."
"ಚೆನ್ನಾಗಿ ಬಂದಿದೆಯಲ್ಲ?"
"ಅದರಲ್ಲಿ ಟ್ರಕ್ ನಿಂತಿದೆ, ಮಹರಾಯ್ತಿ.
ಇನ್ನು ನಾನು ಮಲಗೋದು ಯಾವಾಗ?"

ಕಿಟಕಿಯಿಂದ ನೋಡಿದೆ. ಹತ್ತು ಗಂಟೆ,
ಬಯಲಿನ ಅಂಚಿಗೆ ಬೆಳಕು ಇನ್ನೂ ಅಂಟಿಕೊಂಡಿತ್ತು.
ಟ್ರಕ್ ಅಲ್ಲೇ ನಿಂತಿತ್ತು.