ಇಪ್ಪತ್ಮೂರನೇ ಸಾಲು

ಕಂದಾಯ ಭವನದ ಎದುರು, ನೀಲಿ ಟಾರ್ಪಾಲಿನ ಕೆಳಗೆ
ಹತ್ತೊಂಬತ್ತು ವರ್ಷದಿಂದ ಬೆರಳು ಬಾಡಿಗೆಗೆ ಬಿಟ್ಟವಳು ನಾನು.
ಹೆಸರು ಬದಲಾವಣೆ, ಕಳೆದುಹೋದ ಮಾರ್ಕ್ಸ್ ಕಾರ್ಡು,
ಹನ್ನೊಂದು ತಿಂಗಳ ಬಾಡಿಗೆ ಕರಾರು:
ಯಾರ ಸುಳ್ಳನ್ನಾದರೂ ಮಾರ್ಜಿನ್ ಬಿಟ್ಟು ಟೈಪು ಮಾಡುತ್ತೇನೆ.

ಸಂಪಂಗಿ ಬಂದದ್ದು ಬುಧವಾರ, ಊಟದ ಹೊತ್ತಿಗೆ.
ಕಾಮಾಕ್ಷಿಪಾಳ್ಯದಲ್ಲಿ ಜಿಮ್ ಇಟ್ಟಿದ್ದ ಆಳು; ತೋಳು ಇನ್ನೂ ಉಳಿದಿದೆ,
ಕಣ್ಣು ಮಾತ್ರ ತೂಕ ಇಳಿಸಿಕೊಂಡಿದೆ.
ಹೆಂಡತಿ ಇಂಗ್ಲೆಂಡಿನ ಯಾವುದೋ ಆಸ್ಪತ್ರೆಯಲ್ಲಿ ನರ್ಸು,
ಇವನು ಅವಳ ವೀಸಾದ ಬೆನ್ನಿಗೆ ಅಂಟಿದ ಸ್ಟಾಂಪು.
ಎರಡು ವರ್ಷದ ಮೇಲೆ ಬಂದಿದ್ದಾನೆ, ಕ್ಯಾಪು ಹಣೆಗಿಳಿಸಿ,
ಮಾಗಡಿ ರೋಡಿನ ಕಡೆ ತಲೆ ಹಾಕದೆ
ಮೆಜೆಸ್ಟಿಕ್ಕಿನ ಲಾಡ್ಜಿನಲ್ಲಿ.

"ಅಲ್ಲಿನ ಕೋರ್ಟು ಒಪ್ಪಿದರೆ ಅಕ್ಕ, ಒಂದೇ ವರ್ಷ.
ಆಮೇಲೆ ಎಲ್ಲ ಸೊನ್ನೆ."
ಸೊನ್ನೆ ಅನ್ನುವಾಗ ಬಾಯಿ ಗುಂಡಗಾಯಿತು,
ಮಗು ಬಲೂನು ಊದುವಾಗಿನ ಹಾಗೆ.

ನಮ್ಮ ಕಡೆ ಇದಕ್ಕೆ ಪಾಪರ್ ಅಂತಿದ್ದರು.
ತರಗುಪೇಟೆಯಲ್ಲಿ ಮೂಟೆ ಲೆಕ್ಕ ಬರೆಯುತ್ತಿದ್ದ ಅಜ್ಜ ಹೇಳುತ್ತಿದ್ದ:
ದಿವಾಳಿ ಎದ್ದವನು ಹಾಡಹಗಲೇ
ಅಂಗಡಿ ಮುಂದೆ ದೀಪ ಹಚ್ಚಿಡಬೇಕಿತ್ತಂತೆ,
ಬೀದಿಗೆ ಬೀದಿಯೇ ನೋಡಲಿ ಅಂತ.
ಇವನು ದೀಪ ಹಚ್ಚುವುದು ಏಳು ಕಡಲಾಚೆ,
ಇವನ ಮುಖ ಗೊತ್ತಿಲ್ಲದ ಬೀದಿಯಲ್ಲಿ.

ಫಾರ್ಮಿನಲ್ಲಿ ಎರಡು ಕಾಲಂ:
ಕೊಟ್ಟವರು ಒಂದು ಕಡೆ, ತಗೊಂಡವರು ಒಂದು ಕಡೆ.
ಇವನು ತಂದದ್ದು ನೋಟ್‌ಬುಕ್ಕಿನ ಹಾಳೆ, ಕನ್ನಡದಲ್ಲಿ.
ತಲೆಬರಹ: ಸಾಲಗಾರರು.

ಕೊಟ್ಟವನೂ ಸಾಲಗಾರ, ತಗೊಂಡವನೂ ಸಾಲಗಾರ.
ಈ ಇಬ್ಬರನ್ನು ಬಿಡಿಸಲು ನಮ್ಮ ಮಾತಿಗೆ
ಇವತ್ತಿಗೂ ಮನಸ್ಸು ಬಂದಿಲ್ಲ.
ಬಾಗಿಲು ಬಡಿಯುವವನಿಗೂ
ಒಳಗೆ ಟೀವಿ ಸದ್ದು ಇಳಿಸಿ ಉಸಿರು ಹಿಡಿದವನಿಗೂ
ಒಂದೇ ಹೆಸರು.

ಹೊಡೆದೆ.
ಒಂದು, ಬ್ಯಾಂಕು. ಎರಡು, ಇನ್ನೊಂದು ಬ್ಯಾಂಕು.
ಐದು, ಟ್ರೆಡ್‌ಮಿಲ್ಲಿನ ಕಂತು: ಯಂತ್ರ ಅವರೇ ಹೊತ್ತುಕೊಂಡು ಹೋದರೂ
ಕಂತು ಇನ್ನೂ ಓಡುತ್ತಿದೆ, ನಿಂತಲ್ಲೇ.
ಒಂಬತ್ತು, ಮೊಬೈಲಿನೊಳಗಿನ ಸಾಲ; ಹೆಸರಿಲ್ಲ, ಬೈಗುಳ ಮಾತ್ರ ಇದೆ.
ಹದಿನಾಲ್ಕು, ಚೀಟಿ ನಡೆಸುವ ಪುಟ್ಟಲಿಂಗಮ್ಮ,
ಎರಡನೇ ತಿಂಗಳೇ ಕೂಗಿ ಎತ್ತಿದ್ದು.
ಹತ್ತೊಂಬತ್ತು, ಬಾಡಿಗೆ ಬಾಕಿ, ಇಮ್ತಿಯಾಜ್ ಸಾಬರು.
"ಅವರು ಒಂದು ಸಲವೂ ಫೋನ್ ಮಾಡಲಿಲ್ಲ" ಅಂದ.
ಅದಕ್ಕೆ ಕಾಲಂ ಇರಲಿಲ್ಲ.
ಇಪ್ಪತ್ತೆರಡು.

ಹಾಳೆಯಲ್ಲಿ ಇಪ್ಪತ್ಮೂರೂ ಇತ್ತು, ಬರೆದು ಗೀಚಿ ಹಾಕಿದ್ದು.
ಗೀಚಿನ ಕೆಳಗಿನದನ್ನು ಓದುವುದೂ ನನ್ನ ಕಸುಬು:
ದೊಡ್ಡಕ್ಕ. ಎರಡೆಳೆ ಸರ. ನಲವತ್ತೆರಡು ಗ್ರಾಂ.

"ಇದು?"
"ಅದು ಬೇಡ."
"ಒಂದನ್ನೂ ಬಿಟ್ಟಿಲ್ಲ ಅಂತ ಕೆಳಗೆ ಪ್ರಮಾಣ ಇದೆಯಪ್ಪಾ."
ಟಾರ್ಪಾಲಿನ ತೂತಿಂದ ಬಿದ್ದ ಬಿಸಿಲಿನ ಚುಕ್ಕೆಯನ್ನು
ಬೂಟಿನಲ್ಲಿ ತುಳಿಯುತ್ತ ನಿಂತ.
"ಬರೆದರೆ ಅದೂ ಮನ್ನಾ ಆಗಿಬಿಡುತ್ತಕ್ಕ."

ಪುಟ್ಟಲಿಂಗಮ್ಮನಿಗೂ ಒಬ್ಬ ತಮ್ಮ ಇರಬಹುದು.
ಅವಳ ಚೀಟಿಯ ಹಿಂದೆ ಇಪ್ಪತ್ತು ಮನೆಯ ಗ್ಯಾಸು, ಸ್ಕೂಲು ಫೀಸು.
ಅವಳನ್ನು ಸೊನ್ನೆ ಮಾಡುವಾಗ
ಬಿಸಿಲು ತುಳಿಯಲಿಲ್ಲವಲ್ಲ ನೀನು—
ಹೇಳಲಿಲ್ಲ. ಹಾಳೆಗೆ ಇಷ್ಟು ಅಂತ ನನ್ನ ರೇಟು.

ರೋಲರ್ ತಿರುಗಿಸಿ, ಇಪ್ಪತ್ತೆರಡರ ಕೆಳಗೆ
ಒಂದು ಸಾಲು ಖಾಲಿ ಬಿಟ್ಟು ಹೊಡೆದೆ:
ಮೇಲ್ಕಂಡದ್ದೆಲ್ಲ ಸತ್ಯ, ಏನನ್ನೂ ಮುಚ್ಚಿಟ್ಟಿಲ್ಲ.
ಟಿಂಗ್ ಅಂತು ಗಂಟೆ.
ನೋಟರಿ ತಲೆಯೆತ್ತದೆ ಸೀಲು ಒತ್ತಿದರು.

ನೂರ ಎಂಬತ್ತಾಯಿತು ಅಂದೆ. ಇನ್ನೂರು ಕೊಟ್ಟ.
ಡಬ್ಬ ತಡಕಿದೆ; ಚಿಲ್ಲರೆ ಇರಲಿಲ್ಲ.
"ಇರಲಿ ಬಿಡಿ, ಬಂದಾಗ ಇಸ್ಕೋತೀನಿ."
ಕ್ಯಾಪು ಇನ್ನಷ್ಟು ಇಳಿಸಿ
ಮೈಸೂರು ಬ್ಯಾಂಕ್ ಸರ್ಕಲ್ಲಿನ ಜನದೊಳಗೆ ಕರಗಿದ.

ಇಪ್ಪತ್ತು ರೂಪಾಯಿ.
ಕಾರ್ಬನ್ ಹಾಳೆಯಲ್ಲಿ ಸುತ್ತಿ ಬೇರೆ ಎತ್ತಿಟ್ಟಿದ್ದೇನೆ.